ಸೀಸದ ಗುಂಡು ಎಸೆದವನು ಹೇಳಿದ್ದು

ಕಮ್ಯಾಂಡರ್ ಝೀನಸ್ ವೆದರ್ಬಿಯ ಹೆಣಕ್ಕೆ
ಹಿತ್ತಾಳೆ ಗುಂಡಿಯ ನೀಲಿ ಕೋಟು ತೊಡಿಸಿದ್ದಾರೆ.
ಎಡಗಡೆ ಮೂರನೆಯ ಗುಂಡಿ ನಾನು ಹೊಲಿದದ್ದು,
ಮೀನುಗಾಳದ ದಾರದಲ್ಲಿ. ಯಾರೂ ಗಮನಿಸಿಲ್ಲ.

ಹದಿಮೂರಕ್ಕೇ ಹಡಗು ಹತ್ತಿದವನಂತೆ.
ನನಗೆ ಸಿಕ್ಕಾಗ ಇಪ್ಪತ್ತೆರಡು;
ಬಿಸಿಲಿಗೆ ಸುಲಿದ ಮೂಗು, ಕಿವಿಯ ಹಿಂದೆ ಪೆನ್ಸಿಲ್ಲು.
ಕ್ಯಾರೊಲೈನಾ ಕರಾವಳಿಯ ಆಳ ಅಳೆಯಲು ಬಂದ ಪುಟ್ಟ ಹಡಗು, ಪ್ಲೋವರ್.
ಅಂಚಿನಲ್ಲಿ ನಿಂತು ನಾನು ಸೀಸದ ಗುಂಡು ಬೀಸುವುದು,
ಹಗ್ಗ ಅಂಗೈಯಲ್ಲಿ ಜಾರಿ ಜಾರಿ ತಳ ಮುಟ್ಟಿದಾಗ ಕೂಗುವುದು:
ಏಳು ಮಾರು! ಐದೂವರೆ!
ಗುಂಡಿನ ಬುಡಕ್ಕೆ ಮೆತ್ತಿದ ಕೊಬ್ಬಿಗೆ ಅಂಟಿ ಬಂದದ್ದನ್ನು
ಅವನು ಉಗುರಲ್ಲಿ ಕೆದಕಿ, ಮೂಸಿ, ಒಮ್ಮೊಮ್ಮೆ ನಾಲಿಗೆಗೂ ಇಟ್ಟು
ಬರೆಯುವುದು: ಬೂದು ಮರಳು. ಒಡೆದ ಚಿಪ್ಪು.
ಕರಿ ಕೆಸರು, ಕೊಳೆತ ಮೊಟ್ಟೆಯ ವಾಸನೆ.

ಮೂರು ಬೇಸಿಗೆ. ನನ್ನ ಅಂಗೈ ಜಡ್ಡುಗಟ್ಟಿತು.
ನಕ್ಷೆ ಅಚ್ಚಾಗಿ ಬಂತು. ಹೆರನ್ ಅಳಿವೆಯ ಬಾಯಲ್ಲಿ
ಒಂದು ಮರಳದಿಬ್ಬಕ್ಕೆ ಅವನ ಹೆಸರು.
"ಟೋಬಿ, ನಿನ್ನ ಹೆಸರಿಗೂ ಒಂದು ಹುಡುಕೋಣ" ಅಂದ.
ಹುಡುಕಲಿಲ್ಲ. ನಾನೂ ನೆನಪಿಸಲಿಲ್ಲ.

ಆಮೇಲೆ ಆಫ್ರಿಕಾದ ಕಡಲು.
ಹೆಸರು ಕೆರೆದುಹಾಕಿದ, ಎರಡು ಕೂವೆಯ ಹಡಗೊಂದನ್ನು ಹಿಡಿದೆವು.
ಬದುಕಿದ್ದವರನ್ನು ಮೇಲೆ ತಂದಾದ ಮೇಲೆ
ಅವನು ನನ್ನನ್ನು ಕೆಳಗೆ ಕರೆದ, ಹಗ್ಗ ತಾ ಎಂದ.
ಹಲಗೆಯಿಂದ ಹಲಗೆಗೆ ಹಿಡಿದೆ.
"ಅರ್ಧ ಮಾರು" ಅಂದೆ, ಕೂಗದೆ.
ಬರೆದುಕೊಂಡ. ಪಕ್ಕದಲ್ಲಿ, ತಳದಲ್ಲಿ ಏನಿತ್ತೆಂದು ಬರೆಯುವ ಜಾಗದಲ್ಲಿ
ಪೆನ್ಸಿಲ್ಲು ನಿಂತಿತು.
ನನ್ನ ಮುಖ ನೋಡಿದ. ನಾನು ತಿರುಗಿಸಿಕೊಂಡೆ.
ಅಳೆಯುವ ಮಾರಿಗೂ ಮನುಷ್ಯರನ್ನು ಮಾರುವುದಕ್ಕೂ
ಆ ಕತ್ತಲಲ್ಲಿ ಒಂದೇ ಹಲಗೆ.
ನನ್ನಜ್ಜಿ ಇಂಥ ಅರ್ಧ ಮಾರಿನಲ್ಲೇ ಬಂದವಳು.
ಅವನಿಗೆ ಗೊತ್ತಿತ್ತು.

ಯುದ್ಧ ಬಂತು. ಅವನಿಗೊಂದು ಸ್ಟೀಮರು, ಆರು ತೋಪು.
ಒಂದು ರಾತ್ರಿ ದೀಪ ಆರಿಸಿ ಹೆರನ್ ಅಳಿವೆಗೆ ನುಗ್ಗಬೇಕು.
ನಕ್ಷೆ? ಅವನದೇ. ಇಪ್ಪತ್ತು ವರ್ಷ ಹಳೆಯದು.
"ಗುಂಡು ಬಿಡಲೇ, ಸರ್?"
"ಸದ್ದಾಗುತ್ತೆ, ಬೇಡ. ಇದು ನನ್ನ ಹಿತ್ತಿಲು."

ಹಿತ್ತಿಲು ಜರುಗಿತ್ತು.
ವೆದರ್ಬಿ ದಿಬ್ಬ ತೆವಳಿ ಬಂದು ದಾರಿಯ ನಡುವೆ ಮಲಗಿತ್ತು,
ಯಜಮಾನನಿಗೆ ಕಾದ ನಾಯಿಯ ಹಾಗೆ.
ಬೆಳಕು ಹರಿಯುವ ತನಕ ಅಲ್ಲೇ ಸಿಕ್ಕಿಕೊಂಡೆವು; ಹರಿದ ಮೇಲೆ
ದಡದ ತೋಪುಗಳಿಗೆ ನಾವು ಕಂಡೆವು.
ಒಂಬತ್ತು ಜನ. ಅಡುಗೆಯ ಹುಡುಗ ಲೆಮ್ಯುಯೆಲ್‌ನ ಕೈಯಲ್ಲಿ
ಸೌಟು ಹಾಗೇ ಇತ್ತು.

ವಿಚಾರಣೆ. ಹಸಿರು ಬಟ್ಟೆಯ ಮೇಜು, ಮೂವರು ಮುದುಕರು.
"ನಕ್ಷೆ ತಪ್ಪಿತ್ತೆ?"
"ಬರೆದ ದಿನ ಸರಿಯಿತ್ತು."
ಆಮೇಲೆ, ಯಾರೂ ಕೇಳದೆ:
"ಟೋಬಿ ಪೆನಿಮನ್ ಗುಂಡು ಬಿಡುತ್ತೇನೆ ಅಂದ. ನಾನು ಬೇಡವೆಂದೆ."
ಅಚ್ಚಿನಲ್ಲಿ ನನ್ನ ಹೆಸರು ಬಂದದ್ದು ಅದೊಂದೇ ಸಲ.

ಮತ್ತೆ ಹಡಗು ಕೊಡಲಿಲ್ಲ.
ಮೇನ್ ದಂಡೆಯ ದೀಪಸ್ತಂಭಗಳಿಗೆ ಎಣ್ಣೆ ಲೆಕ್ಕ ಬರೆಯುವ ಕೆಲಸ.
ಊರುಗೋಲು ಹಿಡಿದು ಹೊರಟರೆ ದಾರಿಯ ಪ್ರತಿ ಹೊಂಡಕ್ಕೂ
ಇಳಿಸಿ ನೋಡುವ ಚಟ.
"ಸೂಪಿನಲ್ಲೂ ಚಮಚ ನೆಟ್ಟಗೆ ನಿಲ್ಲಿಸುತ್ತಾನೆ" ಎಂದು
ಹೆಂಡತಿ ಕೆಜಾಯಾ ನನ್ನ ಹತ್ತಿರ ದೂರುತ್ತಿದ್ದಳು.
ನಾನು ನಗುತ್ತಿದ್ದೆ. ಅವನು ನಗುತ್ತಿರಲಿಲ್ಲ.

ಇವತ್ತು ನೆಲ ಹೆಪ್ಪುಗಟ್ಟಿದೆ, ಹಾರೆಯಲ್ಲಿ ಅಗೆದಿದ್ದಾರೆ.
ಎಲ್ಲರೂ ಟೋಪಿ ತೆಗೆದಾಗ
ನಾನು ಕೋಟಿನೊಳಗಿಂದ ಹಳೆಯ ಹಗ್ಗ ತೆಗೆದೆ.
ಗುಂಡಿಗೆ ಕೊಬ್ಬು ಮೆತ್ತಿಯೇ ತಂದಿದ್ದೆ.
ಗುಣಿಗೆ ಇಳಿಬಿಟ್ಟೆ. ತಳ ಮುಟ್ಟಿತು. ಬಿರುಗಾಳಿಯಲ್ಲಿ ಕೂಗುವ ಹಾಗೆ ಕೂಗಿದೆ:
ಒಂದು ಮಾರು!
ಪಾದ್ರಿಯ ಹಾಳೆ ಮಗುಚಲಿಲ್ಲ.
ಕೆಜಾಯಾ ಮಾತ್ರ ತಲೆದೂಗಿದಳು, ಬರೆದುಕೊಂಡವಳ ಹಾಗೆ.

ಅಂಟಿ ಬಂದದ್ದು: ಹಳದಿ ಜೇಡಿ. ಹುಲ್ಲಿನ ಬೇರು.
ನಾಲಿಗೆಗಿಟ್ಟು ನೋಡಿದೆ.
ಉಪ್ಪಿಲ್ಲ.